‘ಈ ವರ್ಷ ಇಲ್ಲೆ, ತಮಾ’

ಸಾಗರ ಪೇಟೆಯಿಂದ ಆರೇಳು ಮೈಲಿ ಒಳಗಿನ ಒಂದು ಮನೆಯ ಜಗಲಿಯಲ್ಲಿ ಕೂತಿದ್ದೆ. ಫಾಲ್ಗುಣದ ಬಿಸಿಲು. ಅಂಗಳದ ಅಟ್ಟದ ಮೇಲೆ ಕಡೇ ಕೊಯ್ಲಿನ ಅಡಿಕೆ ಒಣಗುತ್ತಿತ್ತು. ಒಳಗೆ ಫೋನ್ ಹೊಡೆದುಕೊಂಡಿತು. ಕೈಗೆಲ್ಲ ಸಾಸಿವೆ ಮೆತ್ತಿಕೊಂಡಿದ್ದ ಮನೆಯಾಕೆ ಮೊಣಕೈಯಲ್ಲೇ ಹೇಗೋ ಸ್ಪೀಕರ್ ಒತ್ತಿದರು. ಬೆಂಗಳೂರಿನ ದನಿ.

‘ಅಕ್ಕಾ, ಅನಂತಭಟ್ಟನ ಅಪ್ಪೆ ಎರಡು ಕೆ.ಜಿ. ಬೇಕಿತ್ತು.’

‘ಈ ವರ್ಷ ಇಲ್ಲೆ, ತಮಾ. ಮರ ಹೂವನ್ನೇ ಬಿಟ್ಟಿದ್ದಿಲ್ಲೆ. ಜೀರಿಗೆ ಮಿಡಿ ಸ್ವಲ್ಪ ಇದ್ದು. ರುಚಿ ಬೇರೆ, ಮೊದಲೇ ಹೇಳ್ತಿ. ಬೇಕಾದ್ರೆ ಹೇಳು, ಇಲ್ದಿದ್ರೆ ಬಪ್ಪ ವರ್ಷ ನೋಡನ.’

ಫೋನ್ ಇಟ್ಟ ಮೇಲೆ ನಾನು ಕೇಳಿದೆ: ಖಾರ ಕೂಡಿ, ಉಪ್ಪು ಹಿಡಿದು, ಬಾಟಲಿಗೆ ಬಿದ್ದ ಮೇಲೆ ಇದು ಯಾವ ಮರದ್ದು ಅಂತ ಬೆಂಗಳೂರಲ್ಲಿ ಯಾರು ಪತ್ತೆ ಹಚ್ಚುತ್ತಾರೆ?

‘ಅಂವ ಹಚ್ತ. ಅದಕ್ಕೇ ಅಂವ ಇಲ್ಲಿಗೆ ಫೋನ್ ಮಾಡಿದ್ದು.’

ಹಾಗೆಂದು ಸಾಸಿವೆ ಅರೆಯಲು ಹೋದರು. ಸಣ್ಣ ಉದ್ಯಮಕ್ಕೆ ಪ್ರಚಾರ ಹೇಗೆ ಮಾಡಬೇಕು, ಗ್ರಾಹಕರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ಎರಡು ದಿನದ ಶಿಬಿರಗಳಲ್ಲಿ ಕೂತು, ಪ್ರಮಾಣಪತ್ರವನ್ನೂ ತಂದವನು ನಾನು. ಆ ಶಿಬಿರಗಳಲ್ಲಿ ಇಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಎಲ್ಲರೂ ಕೊಳ್ಳುವ ಸರಕಿಗೆ ಗೋಡೆ ಬರಹ, ಟಿ.ವಿ. ಜಾಹೀರಾತು, ರಿಯಾಯಿತಿ ಬೇಕು. ಕೆಲವರೇ ಕೊಳ್ಳುವ ಸರಕನ್ನು ಹುಡುಕಿಕೊಂಡು ಬರುವವನಿಗೆ ನಾಲಿಗೆ ಇರುತ್ತದೆ. ಅವನಿಗೆ ಮೋಸ ಮಾಡಿದರೆ ಅಲ್ಲಿಗೆ ಅಂಗಡಿ ಮುಚ್ಚಿದಂತೆ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ಹಣ್ಣಿಗಾಗಿ ಬೆಳೆಸುವ ಮಾವಲ್ಲ, ಉಪ್ಪಿನಕಾಯಿಯ ಮಾವು. ಶರಾವತಿ, ವರದಾ, ಕುಮುದ್ವತಿ, ಅಘನಾಶಿನಿಯಂಥ ಹೊಳೆಗಳ ಬದಿಯಲ್ಲಿ, ಕಾನಿನ ಅಂಚಿನಲ್ಲಿ ತಾವಾಗಿ ಎದ್ದ ಕಾಡುಮಾವಿನ ಮರಗಳು. ಓಟೆ ಕಟ್ಟುವ ಮೊದಲೇ, ಹೆಬ್ಬೆರಳ ಗಾತ್ರದಲ್ಲಿರುವಾಗಲೇ ಇಳಿಸಬೇಕು. ತೊಟ್ಟು ಸಮೇತ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಬಾಳಿಕೆಯೂ ಹೋಗುತ್ತದೆ. ನೆಲಕ್ಕೆ ಬಿದ್ದ ಮಿಡಿಯನ್ನು ಭರಣಿಗೆ ಹಾಕುವ ಹಾಗಿಲ್ಲ. ಪೆಟ್ಟಾದ ಒಂದು ಮಿಡಿ ಕೊಳೆತು ಪಕ್ಕದ ಹತ್ತನ್ನು ಕೆಡಿಸುತ್ತದೆ. ಹಾಗಾಗಿ ಎತ್ತರದ ಮರ ಹತ್ತಿ, ಕೈಯಿಂದಲೋ ಬಲೆ ಕಟ್ಟಿದ ದೋಟಿಯಿಂದಲೋ ಗೊಂಚಲು ಇಳಿಸುವ ಆಳು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಳೆಯ ಲೆಕ್ಕದಲ್ಲಿ ಮಿಡಿಯನ್ನು ತೂಗುವುದಿಲ್ಲ, ಎಣಿಸುತ್ತಾರೆ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು. ಹರಳುಪ್ಪಿನಲ್ಲಿ ಎರಡು ವಾರ ಕೂತು, ದಿನಾ ಮಗುಚಿಸಿಕೊಂಡು, ಅದು ಚಿರುಟಬೇಕು. ಬಿಟ್ಟ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸಿನಪುಡಿ, ಅರಿಸಿನ ಕಲಸಬೇಕು. ಎಣ್ಣೆಯ ಸುದ್ದಿಯೇ ಇಲ್ಲ. ಸರಿಯಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ.

ಮರದ ಸ್ವಭಾವವೂ ವಿಚಿತ್ರ. ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟರೆ ಮುಂದಿನ ವರ್ಷ ಸುಮ್ಮನೆ ನಿಲ್ಲುತ್ತದೆ. ಹೂ ಬಂದ ಹೊತ್ತಿಗೆ ಮೋಡ ಕಟ್ಟಿದರೆ, ಜಿಗಿಹುಳ ಬಿದ್ದರೆ, ಆ ವರ್ಷದ ಕಥೆ ಮುಗಿಯಿತು. ಬೇಡಿಕೆ ಹೆಚ್ಚಾಯಿತು ಎಂದು ಉತ್ಪಾದನೆ ಹೆಚ್ಚಿಸುವಂತಿಲ್ಲ. ಇಂಥ ಸರಕನ್ನು ಮಾರುವವರು ಮೊದಲು ಕಲಿಯಬೇಕಾದ ಪದ ‘ಇಲ್ಲ’.

ಬ್ರ್ಯಾಂಡ್ ಎಂಬ ಮಾತು ಈ ಊರುಗಳಿಗೆ ತಡವಾಗಿ ಬಂತು. ಆದರೆ ಆ ಬುದ್ಧಿ ಮೊದಲೇ ಇತ್ತು. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪೆ, ಕರ್ಪೂರದ ಅಪ್ಪೆ ಎಂದು ಒಂದೊಂದು ಮರಕ್ಕೂ ಹೆಸರಿಟ್ಟು, ಆ ಹೆಸರಿನ ಮೇಲೆ ಮಿಡಿಗೆ ಬೆಲೆ ಕಟ್ಟುತ್ತಿದ್ದರು. ಯಾರದೋ ಹಿತ್ತಲಿನ ಮರದ ಪರಿಮಳ ಒಡೆಯನ ಹೆಸರು ಹೊತ್ತು ಹತ್ತೂರು ಸುತ್ತಿತು. ಓಟೆ ಊರಿದರೆ ತಾಯಿಮರದ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ, ಕಸಿಯೇ ಆಗಬೇಕು. ಆದ್ದರಿಂದ ಹೆಸರಿನ ಮರದ ಕಡ್ಡಿಗೆ ಬಂದವರನ್ನು ಕೂರಿಸಿ, ಆಸರಿ ಕೊಟ್ಟು, ಆಮೇಲೆ ‘ಕೊಡುವುದಿಲ್ಲ’ ಎಂದು ಕಳಿಸಿದ ಯಜಮಾನರೂ ಇದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಕಣಿವೆಗೆ ನೀರು ನಿಂತಾಗ, ಊರುಗಳ ಜೊತೆಗೆ ಹೊಳೆಬದಿಯ ಇಂಥ ಎಷ್ಟೋ ಮರಗಳೂ ಮುಳುಗಿದವು. ಉಳಿದವನ್ನು ಮಿಡಿಯ ಆಸೆಗೆ ಕೊಂಬೆ ಸಮೇತ ಕಡಿದವರಿದ್ದಾರೆ. ಈಗ ಕಸಿ ಗಿಡ ನರ್ಸರಿಗಳಲ್ಲೇ ಸಿಗುತ್ತದೆ. ಸಿಗುವುದು ಒಳ್ಳೆಯದೇ. ಆದರೆ ಚೀಟಿಯ ಮೇಲಿನ ಹೆಸರು ನಿಜವೋ ಸುಳ್ಳೋ ಎಂದು ತಿಳಿಯಲು ನಾಲ್ಕೈದು ವರ್ಷ ಕಾಯಬೇಕು. ಗ್ರಾಹಕನನ್ನು ಇಷ್ಟು ದೀರ್ಘಕಾಲ ನಂಬಿಕೆಯ ಮೇಲೆ ನಿಲ್ಲಿಸುವ ವ್ಯಾಪಾರ ಇನ್ನೊಂದನ್ನು ನಾನು ಕಾಣೆ.

2009–10ರ ಸುಮಾರಿಗೆ ಅಪ್ಪೆಮಿಡಿಗೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಸಿಕ್ಕಿತು. ಆಗ ಊರಲ್ಲಿ ಸಂಭ್ರಮವೋ ಸಂಭ್ರಮ. ಇನ್ನು ನಮ್ಮ ಮಿಡಿಯ ಹೆಸರನ್ನು ಬೇರೆಯವರು ಬಳಸುವಂತಿಲ್ಲ ಎಂದುಕೊಂಡರು. ಕಾಯ್ದೆಯಲ್ಲಿ ಹಾಗೇ ಇದೆ. ಆದರೆ ಆ ಗುರುತನ್ನು ಬಳಸಲು ಬೆಳೆಗಾರರೂ ತಯಾರಕರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಹೆಸರು ಕದ್ದವರ ಮೇಲೆ ದೂರು ಕೊಡಬೇಕು, ದೂರಿನ ಹಿಂದೆ ಅಲೆಯಬೇಕು. ಸಾಸಿವೆ ಅರೆಯುವ ಕೈಗೆ ಇದಕ್ಕೆಲ್ಲ ಬಿಡುವೆಲ್ಲಿ? ಎರಡು ವರ್ಷದ ಕೆಳಗೆ ನಾನೇ ಆನ್‌ಲೈನಿನಲ್ಲಿ ‘ಅಪ್ಪಟ ಮಲೆನಾಡ ಅಪ್ಪೆಮಿಡಿ’ ತರಿಸಿದ್ದೆ. ಚೆಂದದ ಬಾಟಲಿ, ಮೇಲೆ ಹೆಂಚಿನ ಮನೆ, ಅಡಿಕೆ ಮರದ ಚಿತ್ರ. ಒಳಗಿದ್ದದ್ದು ಯಾವುದೋ ನಾರುಮಾವಿನ ಹೋಳು, ಮೇಲೆ ತೇಲುವ ಎಣ್ಣೆ. ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒತ್ತಿಸಿ ಒತ್ತಿಸಿ, ಕಡೆಗೆ ನಿಮ್ಮ ಅಭಿಪ್ರಾಯಕ್ಕೆ ನಮ್ಮಲ್ಲಿ ಬೆಲೆಯಿದೆ ಎಂದಿತು ಯಂತ್ರ. ಎಷ್ಟು ಬೆಲೆ ಎಂದು ಹೇಳಲಿಲ್ಲ.

ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತಯಾರಕರ ವಿಳಾಸ, ತೂಕ, ಬೆಲೆ, ಕಟ್ಟಿದ ತಿಂಗಳಿನ ಜೊತೆಗೆ ದೂರು ಹೇಳಿಕೊಳ್ಳಲು ಒಂದು ಫೋನ್ ಸಂಖ್ಯೆಯೂ ಇರಬೇಕೆಂದು 2011ರ ನಿಯಮ ಹೇಳುತ್ತದೆ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆಯೂ ಬೇಕು. ಮನೆಯಲ್ಲಿ ಉಪ್ಪಿನಕಾಯಿ ಹಾಕುವವರು ಈ ಸಂಖ್ಯೆಗಳಿಗಾಗಿ ಅಲೆದು ಬೈದುಕೊಳ್ಳುತ್ತಾರೆ. ಆದರೆ ದೂರಿನ ಫೋನ್ ಸಂಖ್ಯೆಯ ಜಾಗದಲ್ಲಿ ಸಹಜವಾಗಿ ತಮ್ಮ ಮೊಬೈಲ್ ಸಂಖ್ಯೆಯನ್ನೇ ಹಾಕುತ್ತಾರೆ. ಅಲ್ಲಿಗೆ ಮಾಡಿದರೆ ಹಾಕಿದವರೇ ಎತ್ತುತ್ತಾರೆ. ದೊಡ್ಡ ಕಂಪನಿ ಕೋಟಿ ಸುರಿದರೂ ಇದನ್ನು ಕೊಡಲಾರದು.

ಆ ಜಗಲಿಯಲ್ಲಿ ಕೂತ ಮೂರು ತಾಸಿನಲ್ಲಿ ನಾನು ಕೇಳಿಸಿಕೊಂಡ ಕರೆಗಳಲ್ಲಿ ಆರ್ಡರು ಕಡಿಮೆ, ಸಮಾಧಾನ ಹೇಳುವುದೇ ಹೆಚ್ಚು. ಮೇಲೆ ಬಿಳಿ ಪೊರೆ ಕಟ್ಟಿದೆ, ಎಸೆಯಬೇಕಾ? ಸೌಟು ಒದ್ದೆ ಇತ್ತಾ ಮೊದಲು ಹೇಳಿ. ಮಿಡಿ ಮೆತ್ತಗಾಗಿದೆ. ಹಾಗಾದರೆ ಅದು ನಮ್ಮ ತಪ್ಪು, ಬಲಿತ ಮಿಡಿ ಸೇರಿಕೊಂಡಿರಬೇಕು, ಬೇರೆ ಕಳಿಸ್ತೇನೆ. ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ, ಉಪ್ಪು ಕಡಿಮೆ ಹಾಕಿ ಕೊಡ್ತೀರಾ? ಇದು ಈಗ ಬಹಳ ಬರುವ ಪ್ರಶ್ನೆಯಂತೆ. ಉತ್ತರ ಯಾವಾಗಲೂ ಒಂದೇ: ಉಪ್ಪೇ ಇದನ್ನು ಕಾಯುವುದು, ಉಪ್ಪು ಇಳಿಸಿದರೆ ಕೆಡುತ್ತದೆ, ಡಾಕ್ಟರು ಹೇಳಿದ್ದರೆ ಅರ್ಧ ಮಿಡಿ ತಿನ್ನಿ. ಅಂದರೆ ಕಡಿಮೆ ಕೊಳ್ಳಿ ಎಂದು ಮಾರುವವರೇ ಹೇಳುವುದು. ಇದನ್ನು ಕೇಳಿ ಸಿಟ್ಟಾಗಿ ಬಿಟ್ಟು ಹೋದವರೂ ಇದ್ದಾರಂತೆ. ಹೋದವರ ಬಗ್ಗೆ ಅವರಿಗೆ ಅಂಥಾ ಬೇಸರವಿದ್ದಂತೆ ಕಾಣಲಿಲ್ಲ.

ಈ ಸೀಮೆಯವರಿಗೆ ಬಿಡಿ ಮಾರಾಟ ಹೊಸ ವಿದ್ಯೆ ಎಂಬುದನ್ನು ಮರೆಯಬಾರದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಅಡಿಕೆಯ ತಾಲ್ಲೂಕುಗಳು. ಬೆಳೆಗಾರರ ಮ್ಯಾಮ್ಕೋಸ್ ಸಹಕಾರ ಸಂಘ ಶಿವಮೊಗ್ಗದಲ್ಲಿ ಹುಟ್ಟಿದ್ದು 1939ರಲ್ಲಿ. ಅದಕ್ಕೂ ಮೊದಲು ಇದ್ದದ್ದು ಮಂಡಿ ಸಾಹುಕಾರರು. ಸುಲಿದು, ಚೊಗರಲ್ಲಿ ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿ ಚೀಲ ಕಟ್ಟಿದರೆ ಬೆಳೆಗಾರನ ಕೆಲಸ ಮುಗಿಯಿತು. ಧಾರಣೆ ಎಷ್ಟು ಎಂದು ಕೇಳುವುದೊಂದೇ ಉಳಿದದ್ದು. ತನ್ನ ಅಡಿಕೆಯನ್ನು ಯಾವ ಊರಿನ ಯಾವ ಬಾಯಿ ಜಗಿಯುತ್ತದೆಂದು ತಲೆಮಾರುಗಳ ಕಾಲ ಇಲ್ಲಿ ಯಾರೂ ನೋಡಲಿಲ್ಲ, ನೋಡುವ ಅಗತ್ಯವೂ ಬರಲಿಲ್ಲ. ಕೊಳ್ಳುವವರ ಮುಖ ನೋಡಿದ್ದು ಹೆಂಗಸರು. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು, ಜೋನಿ ಬೆಲ್ಲ ಎಂದು ಅಡಿಗೆಮನೆಯಿಂದ ಹೊರಟದ್ದನ್ನು ಕೊಂಡವರು ಮನೆ ಬಾಗಿಲಿಗೇ ಬಂದರು, ಇಲ್ಲವೇ ಫೋನಿನಲ್ಲಿ ಬಂದರು. ಯಜಮಾನರು ಧಾರಣೆ ನೋಡುತ್ತ ಕೂತಿದ್ದಾಗ ಒಳಗಿನವರು ಗಿರಾಕಿಯ ಮಗಳ ಮದುವೆಯ ತಾರೀಕನ್ನೂ ನೆನಪಿಟ್ಟುಕೊಂಡಿದ್ದರು.

ಸಾಗರದ ಗುಡಿಗಾರರ ಕಥೆ ಇದಕ್ಕೆ ತಿರುಗುಮುರುಗು. ಶ್ರೀಗಂಧದ ಕೆತ್ತನೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಹಿಂದೆ ಕೆತ್ತಿಸಿಕೊಂಡವರು ದೇವಸ್ಥಾನದವರು, ಅರಸರು. ಆಮೇಲೆ ಗಂಧದ ಮರ ಸರ್ಕಾರದ್ದಾಯಿತು, ತುಂಡು ಸರ್ಕಾರದಿಂದಲೇ ಬರಬೇಕಾಯಿತು. ಕೆತ್ತಿದ್ದು ಕಾವೇರಿ ಎಂಪೋರಿಯಂ ಥರದ ಮಳಿಗೆಗಳ ಗಾಜಿನ ಕಪಾಟು ಸೇರಿತು. ಅಲ್ಲಿ ಬೆಲೆಚೀಟಿಯಿದೆ. ಎಷ್ಟು ತಿಂಗಳು ಕೂತು ಯಾರು ಕೆತ್ತಿದರು ಎಂಬುದನ್ನು ಕೊಳ್ಳುವವರು ಕೇಳುವುದಿಲ್ಲ. ಕೇಳದವರಿಗೆ ಗಂಧದ್ದೂ ಒಂದೇ, ಗಂಧದೆಣ್ಣೆ ಸವರಿದ ಬೇರೆ ಮರದ್ದೂ ಒಂದೇ.

ಹೆಗ್ಗೋಡಿಗೆ ಬರೋಣ. 1949ರಲ್ಲಿ ನೀನಾಸಮ್ ಹುಟ್ಟಿದ ಊರು. 1985ರಿಂದ ‘ತಿರುಗಾಟ’ದ ನಾಟಕಗಳು ಇಲ್ಲಿಂದ ರಾಜ್ಯವೆಲ್ಲ ಸುತ್ತುತ್ತಿವೆ. ಊರೂರಲ್ಲೂ ಒಂದು ಬಳಗ ಮೈಮೇಲೆ ಹಾಕಿಕೊಂಡು ಟಿಕೀಟು ಮಾರುತ್ತದೆ, ಊಟ ಹಾಕುತ್ತದೆ, ಕುರ್ಚಿ ಜೋಡಿಸುತ್ತದೆ. ಪ್ರೇಕ್ಷಕನೇ ಪ್ರಚಾರಕನಾಗುವ ಈ ಏರ್ಪಾಟಿನ ಬಗ್ಗೆ ಬೇರೆಯೇ ಬರೆಯಬೇಕು. ನನ್ನ ಮಾತು ಪಕ್ಕದ ಭೀಮನಕೋಣೆಯ ‘ಚರಕ’ದ ಬಗ್ಗೆ. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕಟ್ಟಿದ ಕೈಮಗ್ಗದ ಸಹಕಾರ ಸಂಘ ಅದು. ಇಲ್ಲಿ ನೇಯ್ದದ್ದನ್ನು ಮಾರಲು ‘ದೇಸಿ’ ಅಂಗಡಿಗಳು. ಬಣ್ಣವೆಲ್ಲ ಗಿಡಮರದ್ದು: ಅಡಿಕೆ ಬೇಯಿಸಿ ಉಳಿದ ಚೊಗರು, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ನೀಲಿ. ಅಡಿಕೆಯವರು ಅಂಗಳದಾಚೆ ಚೆಲ್ಲುತ್ತಿದ್ದ ಚೊಗರು ಬೆಂಗಳೂರಿನವರ ಜುಬ್ಬಾದಲ್ಲಿ ಕೆಂಗಂದು ಬಣ್ಣವಾಗಿ ಕೂತಿತು.

ಹೀಗೆ ಬಣ್ಣ ಕಟ್ಟಿದ ಬಟ್ಟೆಯನ್ನು ಮಾರುವವರಿಗೂ ‘ಇಲ್ಲ’ ಎನ್ನುವ ಕೆಲಸ ತಪ್ಪಿದ್ದಲ್ಲ. ಹೋದ ವರ್ಷ ತಗೊಂಡ ಕುರ್ತಾದ ಬಣ್ಣವೇ ಬೇಕು ಎಂದು ಬರುತ್ತಾರೆ. ಚೊಗರು ಈ ಸಲ ಎಷ್ಟು ಮಂದವಿತ್ತೋ, ಪಟಿಕ ಎಷ್ಟು ಹಿಡಿಯಿತೋ, ಯಾವ ಬಾವಿಯ ನೀರೋ, ಬಣ್ಣ ಒಂದು ಎಳೆ ಆಚೀಚೆ ಆಗಿಯೇ ಆಗುತ್ತದೆ. ಚೊಗರಿನ ಬಣ್ಣಕ್ಕೆ ಕಬ್ಬಿಣ ತಾಗಿದರೆ ಕಪ್ಪಿಗೆ ತಿರುಗುತ್ತದೆ. ಬಿಸಿಲಲ್ಲಿ ಒಣಗಿಸಬೇಡಿ, ಕಾರದ ಸೋಪು ಹಾಕಬೇಡಿ, ಮೊದಲ ಒಗೆತದಲ್ಲಿ ಬೇರೆ ಬಟ್ಟೆ ಜೊತೆ ನೆನೆಸಬೇಡಿ ಎಂದು ಮೊದಲೇ ಹೇಳಿ ಮಾರಬೇಕು. ಇಷ್ಟೆಲ್ಲ ಬೇಡಗಳ ಜೊತೆಗೂ ಕೊಂಡವನು ಮತ್ತೆ ಬರುತ್ತಾನೆ. ಬಾರದವನು ಗಿರಣಿ ಬಟ್ಟೆಗೆ ಹೋಗುತ್ತಾನೆ, ಹೋಗಲಿ.

ಆದರೆ ಇಲ್ಲೊಂದು ಕಹಿಯೂ ಇದೆ. 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿ ಹೇಳಿಕೊಂಡಿತು. ಕೋವಿಡ್ಡಿನಲ್ಲಿ ಅಂಗಡಿ ಮುಚ್ಚಿ ನೇಯ್ದ ಬಟ್ಟೆ ರಾಶಿಬಿತ್ತು, ನೆಚ್ಚಿಕೊಂಡಿದ್ದ ಸರ್ಕಾರದ ನೆರವು ಹೊತ್ತಿಗೆ ಬರಲಿಲ್ಲ. ಜಗಲಿಯ ಆ ಅಕ್ಕ ಮರ ಬಿಡಲಿಲ್ಲವೆಂದರೆ ‘ಇಲ್ಲೆ’ ಅಂದು ಸುಮ್ಮನಾಗಬಹುದು, ಮನೆಯಲ್ಲಿ ಅಡಿಕೆಯಿದೆ. ನೂರಾರು ಹೆಣ್ಣುಮಕ್ಕಳಿಗೆ ವಾರದ ಕೂಲಿ ಕೊಡಬೇಕಾದ ಸಂಘ ಹಾಗೆನ್ನಲಾರದು. ಮಗ್ಗ ನಡೆಯಲೇಬೇಕು, ನಡೆದದ್ದು ಮಾರಾಟವಾಗಲೇಬೇಕು. ಒಳ್ಳೆಯ ಸರಕು ತಾನಾಗಿ ಮಾರಾಟವಾಗುತ್ತದೆ ಎಂದು ನಮ್ಮಲ್ಲಿ ಸಾತ್ವಿಕರು ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಚರಕದ ಬಟ್ಟೆಯ ಗುಣದಲ್ಲಿ ಕೊರತೆಯಿರಲಿಲ್ಲ, ಪ್ರೀತಿಸುವ ಗಿರಾಕಿಗಳಿಗೂ ಕೊರತೆಯಿರಲಿಲ್ಲ. ಆ ಗಿರಾಕಿಗಳು ವರ್ಷಕ್ಕೆ ಒಂದೇ ಜುಬ್ಬಾ ಹೊಲಿಸುತ್ತಿದ್ದರು. ಬರೆಯುತ್ತಿರುವ ನಾನೂ ಅವರಲ್ಲೊಬ್ಬ.

ತೀರ್ಥಹಳ್ಳಿ ಕಡೆ ಗ್ರಾಹಕ ಸೇವೆ ಎಂದರೆ ಬೇರೆಯೇ ಅರ್ಥ. ಗೊನೆ ಇಳಿಸಿದ ಮೇಲೆ ಅಡಿಕೆ ಕಾಯುವುದಿಲ್ಲ. ಹಿಂದೆ ರಾತ್ರಿಯಿಡೀ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಹಾಡು ಹರಟೆ ಮಾಡುತ್ತ ಸುಲಿಯುತ್ತಿದ್ದರು. ಆಳು ಸಿಗದಂತಾದ ಮೇಲೆ ಈ ಇಪ್ಪತ್ತು ವರ್ಷದಲ್ಲಿ ಸುಲಿಯುವ ಯಂತ್ರಗಳು ಅಂಗಳಕ್ಕೆ ಬಂದವು. ಅವನ್ನು ತಯಾರಿಸುವವರೂ ಈ ಸೀಮೆಯಲ್ಲೇ ಹುಟ್ಟಿಕೊಂಡರು. ಯಂತ್ರ ಮಾರುವುದು ಮಳೆಗಾಲದಲ್ಲಿ, ಅದು ಕೈಕೊಡುವುದು ಮಾತ್ರ ಕೊಯ್ಲಿನ ನಡುವೆ, ಸಾಮಾನ್ಯವಾಗಿ ರಾತ್ರಿ ಎಂಟರ ಮೇಲೆ. ವೋಲ್ಟೇಜ್ ಬಿದ್ದು ಮೋಟಾರು ಸುಟ್ಟಿರುತ್ತದೆ, ಬೇರಿಂಗು ಹೋಗಿರುತ್ತದೆ, ಬೆಲ್ಟು ಹರಿದಿರುತ್ತದೆ. ಅಂಗಳದಲ್ಲಿ ಗೊನೆಯ ರಾಶಿ, ಒಲೆಯ ಮೇಲೆ ಹಂಡೆ. ‘ಎಂತ ಮಾರಾಯ್ರೆ, ನೀವು ಬರದಿದ್ರೆ ನಾಳೆ ಇದೆಲ್ಲ ಗೋಟಾಗ್ತದೆ’ ಎಂದು ಗೌಡರ ಫೋನು. ಆ ಹೊತ್ತಿಗೆ ಚೀಲದಲ್ಲಿ ಸಾಮಾನು ತುಂಬಿಕೊಂಡು ಬೈಕ್ ಹತ್ತಿ ಘಟ್ಟದ ಮಂಜಿನಲ್ಲಿ ಹೊರಟವನ ಯಂತ್ರವನ್ನೇ ಮುಂದಿನ ವರ್ಷ ಆ ಊರಿನ ಉಳಿದ ಮನೆಗಳೂ ಕೊಳ್ಳುತ್ತವೆ. ನಾಳೆ ಬೆಳಿಗ್ಗೆ ನೋಡುವಾ ಎಂದವನದ್ದು ಆ ಊರಿನಲ್ಲಿ ಅದೇ ಕೊನೆಯ ಯಂತ್ರ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮಳಿಗೆ ಹಾಕಿ, ಬ್ಯಾನರು ಕಟ್ಟಿ, ಕರಪತ್ರ ಹಂಚಿದರೂ ಕಡೆಗೆ ಕೇಳುವುದು ಇದೇ ಪ್ರಶ್ನೆ: ರಾತ್ರಿ ಫೋನ್ ಮಾಡಿದ್ರೆ ಎತ್ತುತ್ತೀರಾ?

ಹೊಸನಗರದ ಒಳ ಊರುಗಳಲ್ಲಿ ಎತ್ತುವುದಿರಲಿ, ಫೋನು ತಾಗುವುದೇ ಕಷ್ಟ. ಕೊಡಚಾದ್ರಿಯ ಬುಡ, ಹಿನ್ನೀರಿನ ಅಂಚಿನಲ್ಲಿ ಸಿಗ್ನಲ್ ಸಿಗುವ ಗುಡ್ಡಗಳಿಗೆ ಹೆಸರೇ ಬಿದ್ದಿದೆ. ನೆಟ್‌ವರ್ಕ್ ಕೊಡದಿದ್ದರೆ ಮತವನ್ನೂ ಕೊಡೆವು ಎಂದು ಮಲೆನಾಡಿನ ಹಳ್ಳಿಯವರು ಫಲಕ ನೆಟ್ಟದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು. ಅಲ್ಲಿಂದ ಹಪ್ಪಳ, ವಾಟೆಹುಳಿ, ಜೇನು ಕಳಿಸುವವರು ಸಂಜೆ ಗುಡ್ಡ ಹತ್ತಿ, ವಾಟ್ಸ್ಯಾಪಿನ ಆರ್ಡರುಗಳನ್ನು ಒಟ್ಟಿಗೇ ಇಳಿಸಿಕೊಂಡು, ಉತ್ತರ ಬರೆದು ಮನೆಗೆ ಮರಳುತ್ತಾರೆ. ‘ನೋಡಿದ್ದೀರಿ, ಉತ್ತರವೇ ಇಲ್ಲ’ ಎಂದು ಎರಡು ನಿಮಿಷಕ್ಕೇ ಸಿಡುಕುವ ನಗರದ ಗ್ರಾಹಕರು ಇದನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು.

ಸಾಗಾಟವೂ ಸುಲಭವಲ್ಲ. ಗಾಜಿನ ಬಾಟಲಿ, ಅದರಲ್ಲೂ ರಸ ತುಂಬಿದ್ದು ಎಂದರೆ ಕೊರಿಯರಿನವರು ಮುಖ ಸಿಂಡರಿಸುತ್ತಾರೆ. ಕೆಎಸ್ಸಾರ್ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿತು, ಕೆಲವರಿಗೆ ಅದು ಅನುಕೂಲವಾಗಿದೆ. ಆದರೂ ಹಳೆಯ ನಂಬಿಕೆ ರಾತ್ರಿ ಬಸ್ಸಿನ ಮೇಲೆಯೇ. ಸಂಜೆ ಸಾಗರದಲ್ಲಿ ಡ್ರೈವರ್ ಕೈಗೆ ಡಬ್ಬ ಕೊಟ್ಟು, ಬಸ್ಸಿನ ನಂಬರನ್ನು ಬೆಂಗಳೂರಿಗೆ ಕಳಿಸಿದರೆ, ಬೆಳಗಿನ ಜಾವ ಗಿರಾಕಿ ಕಣ್ಣುಜ್ಜುತ್ತ ಬಂದು ಒಯ್ಯುತ್ತಾನೆ. ರಸೀದಿಯಿಲ್ಲ, ವಿಮೆಯಿಲ್ಲ. ಒಮ್ಮೆ ಡಬ್ಬದ ಮುಚ್ಚಳ ಸಡಿಲಾಗಿ, ರಸ ಸೋರಿ, ಯಾರದೋ ಮದುವೆ ಸೀರೆಯ ಪೆಟ್ಟಿಗೆ ತೊಯ್ದಿತಂತೆ. ಜಗಲಿಯ ಅಕ್ಕ ಆ ಸೀರೆಯವರ ಮನೆಗೆ ಫೋನ್ ಮಾಡಿ, ಸೀರೆ ಒಗೆಸಿದ ದುಡ್ಡು ಕೊಟ್ಟು, ಮೇಲೆ ಒಂದು ಕೆ.ಜಿ. ಮಿಡಿಯನ್ನೂ ಕಳಿಸಿದರು. ಅವರು ಈಗ ಪ್ರತಿವರ್ಷದ ಗಿರಾಕಿಗಳು.

ಹೊರಡುವಾಗ ಅಕ್ಕ ನನಗೊಂದು ಕೆಲಸ ಹಚ್ಚಿದರು. ಪತ್ರಿಕೆಯಲ್ಲಿ ಬರೆಯುತ್ತೀರಲ್ಲ, ನಮ್ಮ ಹೆಸರು ಗಿಸರು ಬೇಡ, ಇದ್ದ ಗಿರಾಕಿಗಳಿಗೇ ಮಿಡಿ ಸಾಲುತ್ತಿಲ್ಲ, ಆದರೆ ಎರಡು ಮಾತು ಹಾಕಿ ಎಂದರು. ಹಾಕುತ್ತಿದ್ದೇನೆ. ಮಿಡಿ ಬೇಕಾದವರು ತಮಗೆ ಗೊತ್ತಿರುವ ಮನೆಗೆ ಮಾಘ ಮಾಸದಲ್ಲೇ ಹೇಳಿಡಿ, ಯುಗಾದಿ ಕಳೆದ ಮೇಲೆ ಕೇಳಬೇಡಿ. ಮತ್ತೆ, ಖಾಲಿಯಾದ ಭರಣಿಯನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಅದೇ ರಾತ್ರಿ ಬಸ್ಸಿಗೆ ವಾಪಸು ಹಾಕಿ.